ಯಂತ್ರ ಕಂಡ ಮರುಭೂಮಿ: ಸೌರವಿಸ್ತರಣೆಯ ಚಿತ್ರಗಳು ಮತ್ತು ಅವು ಬಿಟ್ಟ ನೆಲ

ಮರುಭೂಮಿಗಳನ್ನು ವಿದ್ಯುತ್ತಿನ ಕಣಜಗಳೆಂದು ಕಾಣುವ ಕಲ್ಪನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಆ ಕಲ್ಪನೆಗೆ ಯಂತ್ರವೇ ಚಿತ್ರರೂಪ ಕೊಡುವ ಪದ್ಧತಿ ಮಾತ್ರ ತೀರ ಇತ್ತೀಚಿನದು. ಒಂದೆರಡು ವಾಕ್ಯಗಳ ವಿವರಣೆಯನ್ನು ಆಧರಿಸಿ ಕ್ಷಣಗಳಲ್ಲಿ ಚಿತ್ರ ರಚಿಸುವ ತಂತ್ರಾಂಶಗಳು 2022ರಲ್ಲಿ ಸಾರ್ವಜನಿಕರ ಕೈಗೆ ಬಂದ ಬಳಿಕ, ಕಿತ್ತಳೆ ಬಣ್ಣದ ಮರಳುದಿಬ್ಬಗಳ ನಡುವೆ ದಿಗಂತದವರೆಗೆ ಹಬ್ಬಿದ ನೀಲಿ ಸೌರಫಲಕಗಳು, ಅವುಗಳ ಮಧ್ಯೆ ಎದ್ದು ನಿಂತ ಬೆಳಗುವ ಗೋಪುರಗಳು, ಹಸಿರು ಹೊದ್ದ ಗಾಜಿನ ನಗರಗಳು ವರದಿಗಳ ಮುಖಪುಟಗಳಲ್ಲೂ ಪ್ರದರ್ಶನಾಲಯಗಳ ಗೋಡೆಗಳಲ್ಲೂ ಒಟ್ಟಿಗೇ ಕಾಣಿಸಿಕೊಳ್ಳತೊಡಗಿದವು. ಈ ಚಿತ್ರಗಳು ಯಾವ ತಿಳಿವಳಿಕೆಯ ಮೇಲೆ ನಿಂತಿವೆ, ಮರುಭೂಮಿಯ ಯಾವ ಸಂಗತಿಗಳನ್ನು ಅವು ಕಾಣಿಸುತ್ತವೆ, ಯಾವುವನ್ನು ಮರೆಸುತ್ತವೆ ಎಂಬುದು ಕಲೆಯ ಪ್ರಶ್ನೆಯಾಗಿರುವಷ್ಟೇ ಭೂಮಿಯ ಒಡೆತನದ ಪ್ರಶ್ನೆಯೂ ಹೌದು. ಅಪಾರ ಸಂಖ್ಯೆಯ ಉದಾಹರಣೆಗಳಿಂದ ಮಾದರಿಗಳನ್ನು ತಾನೇ ಕಲಿತು, ಆ ಕಲಿಕೆಯ ಆಧಾರದ ಮೇಲೆ ಗುರುತಿಸುವ ಇಲ್ಲವೇ ಹೊಸದನ್ನು ರಚಿಸುವ ಗಣಕವ್ಯವಸ್ಥೆ ಎಂಬ ಅರ್ಥದಲ್ಲಿ ಕೃತಕ ಬುದ್ಧಿಮತ್ತೆ ಎಂಬ ಪದವನ್ನು ಇಲ್ಲಿ ಬಳಸಲಾಗಿದೆ. ಅದಕ್ಕೆ ಹತ್ತಿರವಿದ್ದೂ ಬೇರೆಯಾದ ಗಣಕೀಯ ಅನುಕರಣವನ್ನು, ಅಂದರೆ ಕಲಿಕೆಯಿಲ್ಲದೆ ಕೇವಲ ಭೌತನಿಯಮಗಳ ಲೆಕ್ಕದಿಂದ ಕಟ್ಟಿದ ದೃಶ್ಯವನ್ನು, ಅಗತ್ಯವಿದ್ದೆಡೆ ಬೇರ್ಪಡಿಸಿ ಹೇಳಲಾಗಿದೆ.

ಚಿತ್ರಕ್ಕಿಂತ ಮೊದಲು ಯಂತ್ರ ಬಂದ ಉದಾಹರಣೆಯೂ ಈ ಇತಿಹಾಸದಲ್ಲಿದೆ. ಅಮೆರಿಕದ ಸಂಶೋಧಕ ಫ್ರಾಂಕ್ ಶುಮನ್ 1913ರಲ್ಲಿ ಕೈರೋ ಸಮೀಪದ ಮಾದಿಯಲ್ಲಿ, ತಲಾ 62 ಮೀಟರ್ ಉದ್ದದ ಐದು ಬಾಗುಗನ್ನಡಿಗಳ ಸಾಲುಗಳಿಂದ ಸೂರ್ಯನ ಶಾಖವನ್ನು ಕೂಡಿಸಿ, ಹಬೆ ಹುಟ್ಟಿಸಿ, ನೈಲ್ ನದಿಯ ನೀರನ್ನು ಹೊಲಗಳಿಗೆ ಎತ್ತಿ ತೋರಿಸಿದ್ದನು. ಸಹಾರಾದ ಒಂದು ಭಾಗವೇ ಜಗತ್ತಿನ ಇಂಧನದ ಅಗತ್ಯವನ್ನು ಪೂರೈಸಬಲ್ಲದೆಂದು ಅವನು ಲೆಕ್ಕ ಹಾಕಿದ್ದನು. ಮೊದಲ ಮಹಾಯುದ್ಧ ಆ ಪ್ರಯತ್ನವನ್ನು ಅಲ್ಲಿಗೇ ನಿಲ್ಲಿಸಿತು. ಅದೇ ಲೆಕ್ಕ ಮತ್ತೆ ಜೀವ ತಳೆದದ್ದು ಒಂದು ಭೂಪಟದ ಮೂಲಕ. ಜರ್ಮನಿಯ ವಿದ್ಯಾರ್ಥಿಯೊಬ್ಬರು 2005ರ ಪ್ರಬಂಧವೊಂದರಲ್ಲಿ ಸಹಾರಾದ ನಕ್ಷೆಯ ಮೇಲೆ ಕೆಂಪು ಚೌಕಗಳನ್ನು ಬರೆದು, ಇಷ್ಟು ಜಾಗದಲ್ಲಿ ಸೌರಸ್ಥಾವರಗಳಿದ್ದರೆ ಜರ್ಮನಿಗೆ ಸಾಕು, ಇಷ್ಟಿದ್ದರೆ ಯುರೋಪಿಗೆ ಸಾಕು, ಇಷ್ಟಿದ್ದರೆ ಇಡೀ ಜಗತ್ತಿಗೇ ಸಾಕು ಎಂದು ತೋರಿಸಿದರು. ಆ ಚೌಕಗಳು ಮೂಲ ಪ್ರಬಂಧದಿಂದ ಬೇರ್ಪಟ್ಟು ಸಾವಿರಾರು ಲೇಖನಗಳಲ್ಲಿ ಮರುಮುದ್ರಣಗೊಂಡವು. 2009ರಲ್ಲಿ ಯುರೋಪಿನ ದೊಡ್ಡ ಕಂಪನಿಗಳು ಸೇರಿ ಆರಂಭಿಸಿದ ಡೆಸರ್ಟೆಕ್ ಔದ್ಯಮಿಕ ಕೂಟಕ್ಕೂ ಅವೇ ಲಾಂಛನದಂತಾದವು. 2050ರ ವೇಳೆಗೆ ಯುರೋಪಿನ ವಿದ್ಯುತ್ತಿನ ಶೇ. 15ರಷ್ಟನ್ನು ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಾಗಳಿಂದ ಕೇಬಲ್ಲುಗಳ ಮೂಲಕ ತರುವ ಆ ಯೋಜನೆಯಿಂದ ಐದಾರು ವರ್ಷಗಳೊಳಗೆ ಬಹುಪಾಲು ಪಾಲುದಾರರು ಹಿಂದೆ ಸರಿದರು. ಯೋಜನೆ ಸೊರಗಿದರೂ ಕೆಂಪು ಚೌಕ ಉಳಿಯಿತು, ಮತ್ತು ಇಂದಿನ ಯಂತ್ರರಚಿತ ಚಿತ್ರಗಳ ನಿಜವಾದ ಪೂರ್ವಜ ಎಂದರೆ ಅದೇ. ಮರುಭೂಮಿಯನ್ನು ಅದು ವಿಸ್ತೀರ್ಣದಿಂದ ಅಳೆಯಿತೇ ಹೊರತು ಅಲ್ಲಿ ಯಾರಿದ್ದಾರೆ, ಏನು ಬೆಳೆಯುತ್ತದೆ, ನೀರು ಎಲ್ಲಿದೆ ಎಂಬ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಕಲಾವಿದರು ಮರುಭೂಮಿಯ ಬಿಸಿಲಿಗೆ ಬೇರೆ ಬಗೆಯಲ್ಲಿ ಸ್ಪಂದಿಸಿದ ಪರಂಪರೆಯೂ ಇದೇ ಕಾಲದಲ್ಲಿ ಬೆಳೆದು ಬಂದಿದೆ. ನ್ಯಾನ್ಸಿ ಹೋಲ್ಟ್ 1973ರಿಂದ 1976ರ ನಡುವೆ ಅಮೆರಿಕದ ಯೂಟಾ ಮರುಭೂಮಿಯಲ್ಲಿ ನಾಲ್ಕು ಬೃಹತ್ ಕಾಂಕ್ರೀಟು ಕೊಳವೆಗಳನ್ನು ಉತ್ತರಾಯಣ ಮತ್ತು ದಕ್ಷಿಣಾಯನ ಬದಲಾಗುವ ದಿನಗಳ ಸೂರ್ಯೋದಯ, ಸೂರ್ಯಾಸ್ತಗಳಿಗೆ ನೇರವಾಗಿ ನಿಲ್ಲಿಸಿದರು. ಎಲಿಜಬೆತ್ ಮೊನೋಯನ್ ಮತ್ತು ರಾಬರ್ಟ್ ಫೆರಿ 2008ರಲ್ಲಿ ಹುಟ್ಟುಹಾಕಿದ ಲ್ಯಾಂಡ್ ಆರ್ಟ್ ಜನರೇಟರ್ ಇನಿಶಿಯೇಟಿವ್ ಈ ಪರಂಪರೆಗೆ ವಿದ್ಯುತ್ ಉತ್ಪಾದನೆಯ ಹೊಣೆಯನ್ನೂ ಸೇರಿಸಿತು. ಕಲಾಕೃತಿ ನೋಡಲು ಚೆಂದವಿರಬೇಕು, ಜೊತೆಗೆ ಅಳೆಯಬಹುದಾದಷ್ಟು ವಿದ್ಯುತ್ತನ್ನೂ ಕೊಡಬೇಕು ಎಂಬ ಷರತ್ತಿನೊಂದಿಗೆ 2010ರಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ಸ್ಥಳಗಳಿಗಾಗಿ, 2019ರಲ್ಲಿ ಅಬುಧಾಬಿಯ ಮಸ್ದಾರ್ ನಗರಕ್ಕಾಗಿ, 2020ರಲ್ಲಿ ನೆವಾಡಾದ ಫ್ಲೈ ರಾಂಚ್‌ಗಾಗಿ ಅದು ಸ್ಪರ್ಧೆಗಳನ್ನು ಏರ್ಪಡಿಸಿತು. ಬಂದ ವಿನ್ಯಾಸಗಳಲ್ಲಿ ಬಹುತೇಕ ಕಾಗದದಲ್ಲೇ ಉಳಿದಿವೆಯಾದರೂ, ಒಂದು ನಿರ್ದಿಷ್ಟ ಸ್ಥಳದ ಬಿಸಿಲು, ಗಾಳಿ, ನೆಲಗಳನ್ನು ಅರಿತು ಕಲ್ಪಿಸಬೇಕೆಂಬ ಶಿಸ್ತನ್ನು ಈ ಸ್ಪರ್ಧೆಗಳು ಕಲಿಸಿದವು. ಚೀನಾದ ಒಳಮಂಗೋಲಿಯಾದ ಕುಬುಚಿ ಮರುಭೂಮಿಯಲ್ಲಿ 2019ರಲ್ಲಿ ಸಿದ್ಧವಾದ ಜುನ್ಮಾ ಸ್ಥಾವರ ಇನ್ನೊಂದು ದಾರಿ ಹಿಡಿಯಿತು: ಅಲ್ಲಿ 1,96,320 ಫಲಕಗಳನ್ನು ಓಡುವ ಕುದುರೆಯ ಆಕಾರದಲ್ಲಿ ಜೋಡಿಸಲಾಯಿತು. ಆ ಕುದುರೆ ಕಾಣುವುದು ಆಕಾಶದಿಂದ ಮಾತ್ರ; ನೆಲದಲ್ಲಿ ನಿಂತವನಿಗೆ ಕಾಣುವುದು ಫಲಕಗಳ ಬೇಲಿ. ಮೇಲಿನಿಂದ ನೋಡುವ ಕಣ್ಣಿಗಾಗಿಯೇ ಮರುಭೂಮಿಯನ್ನು ಅಲಂಕರಿಸುವ ಈ ಅಭ್ಯಾಸ ಯಂತ್ರರಚಿತ ಚಿತ್ರಗಳಲ್ಲೂ ಮುಂದುವರಿದಿದೆ.

ಈ ಕ್ಷೇತ್ರದಲ್ಲಿ ಇದುವರೆಗೆ ಬಂದ ಕೃತಿಗಳಲ್ಲಿ ಅತ್ಯಂತ ಗಂಭೀರವಾದದ್ದೆಂದು ಹೇಳಬಹುದಾದುದು ಐರ್ಲೆಂಡಿನ ಕಲಾವಿದ ಜಾನ್ ಗೆರಾರ್ಡ್ ಅವರ ‘ಸೋಲಾರ್ ರಿಸರ್ವ್ (ಟೋನೊಪಾ, ನೆವಾಡಾ) 2014’. ನ್ಯೂಯಾರ್ಕಿನ ಲಿಂಕನ್ ಸೆಂಟರಿನ ಅಂಗಳದಲ್ಲಿ 2014ರ ಅಕ್ಟೋಬರಿನಿಂದ ಬೃಹತ್ ಎಲ್‌ಇಡಿ ಗೋಡೆಯ ಮೇಲೆ ಪ್ರದರ್ಶಿತವಾದ ಈ ಕೃತಿ ಚಿತ್ರೀಕರಿಸಿದ ಸಿನಿಮಾ ಅಲ್ಲ. ಗಣಕ ಆಟಗಳಿಗೆ ಬಳಸುವ ತಂತ್ರಾಂಶದಲ್ಲಿ ಕಟ್ಟಿದ, ಆ ಕ್ಷಣದಲ್ಲೇ ಲೆಕ್ಕ ಹಾಕಿ ಮೂಡಿಸುವ ಅನುಕರಣ. ನೆವಾಡಾ ಮರುಭೂಮಿಯ ಕ್ರೆಸೆಂಟ್ ಡ್ಯೂನ್ಸ್ ಸೌರಸ್ಥಾವರದ ಗೋಪುರ, ಅದರ ಸುತ್ತ ವೃತ್ತಾಕಾರದಲ್ಲಿ ನಿಂತ ಸುಮಾರು ಹತ್ತು ಸಾವಿರ ಕನ್ನಡಿಗಳು, ಆ ಸ್ಥಳದಲ್ಲಿ ವರ್ಷದ ಪ್ರತಿ ಗಳಿಗೆಗೂ ಸೂರ್ಯ, ಚಂದ್ರ, ನಕ್ಷತ್ರಗಳು ಇರಬೇಕಾದ ಸ್ಥಾನ ಇವೆಲ್ಲ ಅದರಲ್ಲಿ ಲೆಕ್ಕಬದ್ಧವಾಗಿವೆ. ಕನ್ನಡಿಗಳು ಸೂರ್ಯನನ್ನು ಅನುಸರಿಸಿ ಹೊರಳುತ್ತವೆ. ನೋಟದ ಕೋನ ಅರುವತ್ತು ನಿಮಿಷಗಳಲ್ಲಿ ನೆಲದಿಂದ ನಿಧಾನವಾಗಿ ಏರಿ ಉಪಗ್ರಹದ ಎತ್ತರಕ್ಕೆ ಹೋಗುತ್ತದೆ. ಒಂದು ಪೂರ್ಣ ವರ್ಷದ ಚಕ್ರ ಮುಗಿಯುವವರೆಗೆ ಒಂದೇ ದೃಶ್ಯ ಎರಡು ಬಾರಿ ಮರಳುವುದಿಲ್ಲ. ಯಂತ್ರಕಲಿಕೆಯ ಅರ್ಥದ ಕೃತಕ ಬುದ್ಧಿಮತ್ತೆ ಇದರಲ್ಲಿ ಇಲ್ಲ. ಆದರೂ ಕಲ್ಪಿತ ಸೌರಸ್ಥಾವರ ಎಷ್ಟು ನಿಷ್ಠೆಯಿಂದ ಒಂದು ಸ್ಥಳಕ್ಕೆ ಕಟ್ಟುಬಿದ್ದಿರಬಹುದು ಎಂಬುದಕ್ಕೆ ಇದು ಮಾನದಂಡ, ಮತ್ತು ಮುಂದೆ ಬಂದ ಯಂತ್ರರಚಿತ ಚಿತ್ರಗಳನ್ನು ಇದರ ಪಕ್ಕದಲ್ಲಿಟ್ಟು ನೋಡದೆ ಅವುಗಳ ಬೆಲೆ ಕಟ್ಟಲಾಗದು.

ಆ ಸ್ಥಾವರಕ್ಕೆ ಮುಂದೆ ಒದಗಿದ ಗತಿ ಕೃತಿಗೆ ಕಲಾವಿದನೂ ಊಹಿಸಿರದ ಅರ್ಥವನ್ನು ತಂದಿತು. 110 ಮೆಗಾವಾಟ್ ಸಾಮರ್ಥ್ಯದ ಕ್ರೆಸೆಂಟ್ ಡ್ಯೂನ್ಸ್, ಕನ್ನಡಿಗಳ ಬೆಳಕನ್ನು ಗೋಪುರದ ತುದಿಗೆ ಕೇಂದ್ರೀಕರಿಸಿ, ಕರಗಿದ ಉಪ್ಪಿನಲ್ಲಿ ಆ ಶಾಖವನ್ನು ಹಿಡಿದಿಟ್ಟು, ಸೂರ್ಯ ಮುಳುಗಿದ ಮೇಲೂ ವಿದ್ಯುತ್ ಕೊಡುವ ತಂತ್ರವನ್ನು ಅವಲಂಬಿಸಿತ್ತು. 2015ರ ಕೊನೆಗೆ ವಿದ್ಯುತ್ ಪೂರೈಸಲಾರಂಭಿಸಿದ ಈ ಸ್ಥಾವರ 2016ರಲ್ಲಿ ಉಪ್ಪಿನ ತೊಟ್ಟಿ ಸೋರಿ ತಿಂಗಳುಗಟ್ಟಲೆ ನಿಂತಿತು. 2019ರಲ್ಲಿ ವಿದ್ಯುತ್ ಖರೀದಿಯ ಒಪ್ಪಂದ ರದ್ದಾಯಿತು. 2020ರಲ್ಲಿ ಅದನ್ನು ನಡೆಸುತ್ತಿದ್ದ ಕಂಪನಿ ದಿವಾಳಿ ಅರ್ಜಿ ಹಾಕಿತು. ಸ್ಥಾವರ ಬಳಿಕ ಹೊಸ ವ್ಯವಸ್ಥೆಯಡಿ ಮರುಚಾಲನೆ ಕಂಡರೂ, ಅಷ್ಟು ಹೊತ್ತಿಗೆ ಸೌರಫಲಕಗಳ ಬೆಲೆ ಕುಸಿದು ಆ ತಂತ್ರವೇ ದುಬಾರಿಯಾಗಿಬಿಟ್ಟಿತ್ತು. ನಿಜದ ಕನ್ನಡಿಗಳು ಕೆಲಸವಿಲ್ಲದೆ ನಿಂತ ದಿನಗಳಲ್ಲೂ ಗೆರಾರ್ಡ್ ಅವರ ಕನ್ನಡಿಗಳು ಒಂದು ಅಂಶವೂ ತಪ್ಪದೆ ಸೂರ್ಯನತ್ತ ಹೊರಳುವಂತೆ ರಚಿತವಾಗಿದ್ದವು. ಚಿತ್ರದಲ್ಲಿ ಉಪ್ಪು ಸೋರುವುದಿಲ್ಲ, ಒಪ್ಪಂದ ಮುರಿಯುವುದಿಲ್ಲ. ಸೌರಭವಿಷ್ಯವನ್ನು ಕುರಿತ ಪ್ರತಿಯೊಂದು ಕಲ್ಪಿತ ಚಿತ್ರವೂ ಎದುರಿಸಬೇಕಾದ ಮೂಲ ತೊಡಕು ಇದೇ: ಭೌತನಿಯಮಗಳನ್ನು ಪಾಲಿಸಿದ ಚಿತ್ರ ಕೂಡ ಆರ್ಥಿಕತೆಯನ್ನೂ ಸವಕಲನ್ನೂ ಹೊರಗಿಟ್ಟರೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಪದಗಳಿಂದ ಚಿತ್ರ ರಚಿಸುವ ಈಗಿನ ಯಂತ್ರಗಳು ಭೌತನಿಯಮಗಳನ್ನೂ ಅರಿಯುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಡಿಫ್ಯೂಷನ್ ಎಂಬ ವಿಧಾನವನ್ನು ಬಳಸುತ್ತವೆ: ತರಬೇತಿಯ ಹಂತದಲ್ಲಿ ಕೋಟ್ಯಂತರ ಚಿತ್ರಗಳ ಮೇಲೆ ಹಂತಹಂತವಾಗಿ ಅಡ್ಡಾದಿಡ್ಡಿ ಚುಕ್ಕೆಗಳನ್ನು ಚೆಲ್ಲಿ ಅವನ್ನು ಪೂರ್ತಿ ಅಳಿಸಲಾಗುತ್ತದೆ, ಅಳಿಸಿದ್ದನ್ನು ಹಿಂದಕ್ಕೆ ತಿರುಗಿಸಿ ಚಿತ್ರವನ್ನು ಮರಳಿ ಪಡೆಯುವುದನ್ನು ಯಂತ್ರ ಕಲಿಯುತ್ತದೆ, ಆಮೇಲೆ ಬಳಕೆದಾರ ಪ್ರಾಂಪ್ಟ್, ಅಂದರೆ ಸೂಚನಾವಾಕ್ಯ, ಕೊಟ್ಟಾಗ ಬರಿಯ ಚುಕ್ಕೆಗಳಿಂದ ಹೊರಟು ಆ ವಾಕ್ಯಕ್ಕೆ ಹೊಂದುವ ಚಿತ್ರದತ್ತ ಹೆಜ್ಜೆಹೆಜ್ಜೆಯಾಗಿ ಸಾಗುತ್ತದೆ. ಸ್ಟೇಬಲ್ ಡಿಫ್ಯೂಷನ್ ಎಂಬ ಮಾದರಿಗೆ ಆಕರವಾದ ಲಯಾನ್-5ಬಿ ಎಂಬ ಸಂಗ್ರಹದಲ್ಲಿ ಅಂತರ್ಜಾಲದಿಂದ ಒಟ್ಟುಮಾಡಿದ, ತಲಾ ಒಂದು ವಿವರಣೆಯುಳ್ಳ, 585 ಕೋಟಿ ಚಿತ್ರಗಳಿವೆ. ಆದ್ದರಿಂದ ಇಂಥ ಯಂತ್ರಕ್ಕೆ ಮರುಭೂಮಿ ಎಂದರೆ ಪ್ರವಾಸಿಗರು, ಜಾಹೀರಾತಿನವರು, ಸಿನಿಮಾದವರು ತೆಗೆದು ಮರುಭೂಮಿ ಎಂದು ಹೆಸರಿಟ್ಟ ಚಿತ್ರಗಳ ಸಾರ. ಆ ಚಿತ್ರಗಳಲ್ಲಿ ಮರಳುದಿಬ್ಬಗಳೇ ಪ್ರಧಾನ, ಸಂಜೆಯ ಬೆಳಕೇ ಪ್ರಧಾನ, ಜನರಿಲ್ಲದಿರುವುದೇ ಪ್ರಧಾನ.

ನಿಜದಲ್ಲಿ ಸಹಾರಾದ ಕಾಲು ಭಾಗದಷ್ಟು ಮಾತ್ರ ಮರಳು. ಉಳಿದದ್ದು ಕಲ್ಲುಬಯಲು, ಗರಸುನೆಲ, ಬಂಡೆಯ ಪ್ರಸ್ಥಭೂಮಿ, ಒಣಹಳ್ಳ. ಸೌರಸ್ಥಾವರ ಕಟ್ಟುವವರು ಚಲಿಸುವ ದಿಬ್ಬಗಳನ್ನು ಆದಷ್ಟು ದೂರವಿಡುತ್ತಾರೆ, ಏಕೆಂದರೆ ಅಲ್ಲಿ ಕಂಬಗಳಿಗೆ ನೆಲ ಗಟ್ಟಿಯಾಗಿ ಸಿಗುವುದಿಲ್ಲ, ಹಾರುವ ಮರಳು ಗಾಜನ್ನು ಉಜ್ಜುತ್ತದೆ, ಫಲಕಗಳನ್ನು ಹೂಳುತ್ತದೆ. ಯಂತ್ರರಚಿತ ಚಿತ್ರಗಳಲ್ಲಿ ಮಾತ್ರ ಫಲಕಗಳು ದಿಬ್ಬಗಳ ಬೆನ್ನ ಮೇಲೆಯೇ ಅಲೆಯಾಗಿ ಹರಿಯುತ್ತವೆ, ಒಂದೇ ಸಾಲಿನ ಫಲಕಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡುತ್ತವೆ, ಒಂದರ ನೆರಳು ಇನ್ನೊಂದರ ಮೇಲೆ ಬೀಳದಿರಲೆಂದು ಬಿಡುವ ಅಂತರ ಕಾಣೆಯಾಗುತ್ತದೆ. ವಿದ್ಯುತ್ತನ್ನು ಹೊತ್ತೊಯ್ಯುವ ತಂತಿ, ಪರಿವರ್ತಕ, ಉಪಕೇಂದ್ರ, ಗಾಜಿನ ಮೇಲೆ ಕೂರುವ ದೂಳು ಮತ್ತು ಅದನ್ನು ತೊಳೆಯುವ ಕೂಲಿಕಾರರು ಎಲ್ಲೂ ಇರುವುದಿಲ್ಲ. ಕಲಾವಿದನಿಗೆ ತಾಂತ್ರಿಕ ನಿಖರತೆಯ ಹಂಗಿಲ್ಲವೆಂದು ವಾದಿಸಬಹುದು, ಆ ವಾದದಲ್ಲಿ ಸತ್ಯವೂ ಇದೆ. ಆದರೆ ಈ ಲೋಪಗಳು ಕಲಾವಿದ ಬೇಕೆಂದು ಮಾಡಿದ ಆಯ್ಕೆಗಳಲ್ಲ. ಹಿಂದಿನ ಚಿತ್ರಗಳ ರಾಶಿಯಿಂದ ತಾವಾಗಿ ಬಂದವು. ಆಯ್ಕೆಯಿಲ್ಲದ ಕಡೆ ಕಲ್ಪನೆ ಎಂಬ ಮಾತನ್ನು ಬಳಸುವುದು ಕಷ್ಟ.

ಜನರಹಿತ ಮರುಭೂಮಿಯ ಚಿತ್ರ ಕೇವಲ ಸೌಂದರ್ಯದ ಅಭಿರುಚಿಯಿಂದ ಹುಟ್ಟಿದ್ದಲ್ಲ. ಭೂಗೋಳಶಾಸ್ತ್ರಜ್ಞೆ ಡಯಾನಾ ಡೇವಿಸ್ 2016ರಲ್ಲಿ ಪ್ರಕಟಿಸಿದ, ಶುಷ್ಕಭೂಮಿಗಳನ್ನು ಕುರಿತ ತಮ್ಮ ಗ್ರಂಥದಲ್ಲಿ, ಒಣಪ್ರದೇಶಗಳನ್ನು ಹಾಳುಬಿದ್ದ, ಸರಿಪಡಿಸಬೇಕಾದ ನೆಲವೆಂದು ಕಾಣುವ ದೃಷ್ಟಿ ವಸಾಹತು ಆಡಳಿತಗಳ ಕಾಲದಲ್ಲಿ ಹೇಗೆ ಗಟ್ಟಿಯಾಯಿತೆಂದು ವಿವರವಾಗಿ ತೋರಿಸಿದ್ದಾರೆ. ಮೊರಾಕ್ಕೋದ ವಾರ್ಜಜಾತ್ ಸಮೀಪದಲ್ಲಿ 2016ರಿಂದ ಕೆಲಸ ಮಾಡುತ್ತಿರುವ, ಒಟ್ಟು 580 ಮೆಗಾವಾಟ್ ಸಾಮರ್ಥ್ಯದ ನೂರ್ ಸೌರಸಂಕೀರ್ಣಕ್ಕೆ ಬೇಕಾದ ಸುಮಾರು 3,000 ಹೆಕ್ಟೇರ್ ಭೂಮಿ ಅಮಾಜಿಗ್ ಸಮುದಾಯವೊಂದರ ಸಾಮೂಹಿಕ ಒಡೆತನದ ಮೇವಿನ ನೆಲವಾಗಿತ್ತು. ಅದನ್ನು ಉಪಯೋಗವಿಲ್ಲದ ಭೂಮಿಯೆಂದು ಪರಿಗಣಿಸಿ ಅಗ್ಗದ ಬೆಲೆಗೆ ಕೊಂಡ ಬಗೆಯನ್ನು ಮಾನವಶಾಸ್ತ್ರಜ್ಞೆ ಕರೆನ್ ರಿಗ್ನಾಲ್ ಅಧ್ಯಯನ ಮಾಡಿದ್ದಾರೆ. ಸೌದಿ ಅರೇಬಿಯಾದ ನಿಯೋಮ್ ಯೋಜನೆ 2022ರಲ್ಲಿ ಬಿಡುಗಡೆ ಮಾಡಿದ, 170 ಕಿಲೋಮೀಟರ್ ಉದ್ದದ ಕನ್ನಡಿಗೋಡೆಯ ನಗರದ ಚಿತ್ರಗಳು ಜಗತ್ತಿನಾದ್ಯಂತ ಹರಡಿದವು. ಆ ನೆಲದಲ್ಲಿದ್ದ ಹುವೈತಾತ್ ಬುಡಕಟ್ಟಿನ ಹಳ್ಳಿಗಳ ತೆರವು ಆ ಚಿತ್ರಗಳಲ್ಲಿ ಎಲ್ಲಿಯೂ ಇರಲಿಲ್ಲ. ಮಾರಾಟಕ್ಕಾಗಿ ರಚಿಸಿದ ಇಂಥ ಚಿತ್ರಗಳೂ ಅಂತರ್ಜಾಲದ ರಾಶಿಗೆ ಸೇರಿ ಮುಂದಿನ ಯಂತ್ರಗಳ ಪಾಠವಾಗುತ್ತವೆ ಎಂಬುದೇ ಆತಂಕಕ್ಕೆ ಎಡೆಮಾಡುವ ಸಂಗತಿ. ಖಾಲಿಯೆಂದು ಹೇಳಿ ಪಡೆದ ನೆಲದ ಚಿತ್ರ, ಖಾಲಿತನಕ್ಕೆ ಸಾಕ್ಷ್ಯವಾಗಿ ಹಿಂತಿರುಗುತ್ತದೆ.

ಭಾರತದಲ್ಲಿ ಈ ಪ್ರಶ್ನೆ ಥಾರ್ ಮರುಭೂಮಿಯಲ್ಲಿ ಅತ್ಯಂತ ತೀವ್ರವಾಗಿದೆ. ಜೋಧಪುರ ಸೀಮೆಯ ಭಡ್ಲಾ ಸೌರ ಉದ್ಯಾನ ಸುಮಾರು 14,000 ಎಕರೆಗಳಲ್ಲಿ 2,245 ಮೆಗಾವಾಟ್ ಸಾಮರ್ಥ್ಯ ಹೊಂದಿದೆ. ಕಛ್‌ನ ಖಾವಡಾದಲ್ಲಿ ಸುಮಾರು 72,600 ಹೆಕ್ಟೇರ್ ಲವಣಬಯಲಿನ ಮೇಲೆ 30 ಗಿಗಾವಾಟ್ ಸೌರ ಮತ್ತು ಪವನ ಯೋಜನೆ ಏಳುತ್ತಿದೆ. ರಾಜಸ್ಥಾನದ ಹಳ್ಳಿಗಳಲ್ಲಿ ಒರಣ್ ಎಂದು ಕರೆಯುವ, ದೇವರ ಹೆಸರಿನಲ್ಲಿ ಬಿಟ್ಟ ಕಾವಲುಗಳಿವೆ. ಅಲ್ಲಿ ಮರ ಕಡಿಯುವಂತಿಲ್ಲ, ದನಕರು, ಕುರಿ, ಒಂಟೆ ಮೇಯಬಹುದು, ಮಳೆನೀರು ಕೆರೆಗಳಲ್ಲಿ ನಿಲ್ಲುತ್ತದೆ. ಕಂದಾಯ ದಾಖಲೆಗಳಲ್ಲಿ ಅವುಗಳಲ್ಲಿ ಎಷ್ಟೋ ಬಂಜರೆಂದೇ ನಮೂದಾಗಿರುವುದರಿಂದ ಸೌರಯೋಜನೆಗಳಿಗೆ ಹಂಚಿಕೆಯಾಗುವ ಭೀತಿ ಎದುರಾಗಿದೆ. ಅಲ್ಲಿಯ ಖೇಜಡಿ ಮರ ಕನ್ನಡಿಗರು ವಿಜಯದಶಮಿಯಂದು ಪೂಜಿಸುವ ಬನ್ನಿಯೇ. 1730ರಲ್ಲಿ ಜೋಧಪುರ ಸಮೀಪದ ಖೇಜಡಲಿಯಲ್ಲಿ ಅಮೃತಾದೇವಿಯ ಮುಂದಾಳುತನದಲ್ಲಿ ಬಿಷ್ಣೋಯಿ ಸಮುದಾಯದ 363 ಮಂದಿ ಪ್ರಾಣ ಕೊಟ್ಟದ್ದು ಆ ಮರಗಳನ್ನು ಉಳಿಸಲೆಂದು. ಇದೇ ನೆಲದಲ್ಲಿ ಬದುಕುವ ಎರೆಭೂತ ಹಕ್ಕಿ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಮುಂದಿನದನ್ನು ಸರಿಯಾಗಿ ಕಾಣಲಾರದ ಕಣ್ಣುಗಳಿಂದಾಗಿ ಹಾರುವಾಗ ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತದೆ. ಅದರ ವಾಸನೆಲೆಗಳಲ್ಲಿ ತಂತಿಗಳನ್ನು ನೆಲದಡಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಆದೇಶಿಸಿ, 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ, ಹಕ್ಕಿಯ ರಕ್ಷಣೆಯನ್ನೂ ಹವಾಮಾನದ ಹೊಣೆಯನ್ನೂ ಒಟ್ಟಿಗೆ ತೂಗಲು ತಜ್ಞರ ಸಮಿತಿಯೊಂದನ್ನು ನೇಮಿಸಿತು. ಯಂತ್ರರಚಿತ ಚಿತ್ರ ತಂತಿಗಳನ್ನು ಬಿಟ್ಟುಬಿಡುವುದು ಎಷ್ಟು ಗಂಭೀರವಾದ ಲೋಪ ಎಂಬುದು ಇಲ್ಲಿ ಅರ್ಥವಾಗುತ್ತದೆ: ಇಲ್ಲಿ ಹಕ್ಕಿಯ ಪ್ರಾಣವೂ ನ್ಯಾಯಾಲಯದ ವಾದವೂ ಆ ತಂತಿಗಳ ಮೇಲೆಯೇ ನಿಂತಿವೆ.

ಕೃತಕ ಬುದ್ಧಿಮತ್ತೆಯ ಎಲ್ಲ ಉಪಯೋಗವೂ ಹೀಗೆ ನೆಲವನ್ನು ಮರೆಸುವುದೇ ಎಂದರೆ, ಖಂಡಿತ ಅಲ್ಲ. ಉಪಗ್ರಹ ಚಿತ್ರಗಳನ್ನು ಓದಲು ಕಲಿತ ಯಂತ್ರಗಳು ಮಾಡಿರುವ ಕೆಲಸ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು. 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಯಂತ್ರಕಲಿಕೆಯ ನೆರವಿನಿಂದ ಜಗತ್ತಿನ 68,661 ಸೌರಸ್ಥಾವರಗಳನ್ನು ಗುರುತಿಸಿ, ಅವುಗಳಲ್ಲಿ ಹೆಚ್ಚಿನವು ಮರುಭೂಮಿಯಲ್ಲಿರದೆ ಉಳುವ ಹೊಲಗಳ ಮೇಲೆ ಎದ್ದಿರುವುದನ್ನು ತೋರಿಸಿತು. ಭಾರತವನ್ನು ಕುರಿತ 2022ರ ಇಂಥದೇ ದತ್ತಾಂಶ 1,363 ಸೌರಕ್ಷೇತ್ರಗಳನ್ನು ಪಟ್ಟಿಮಾಡಿ, ಇಲ್ಲಿಯ ಸೌರವಿಸ್ತರಣೆಯ ಶೇ. 74ಕ್ಕೂ ಹೆಚ್ಚು ಭಾಗ ಕೃಷಿಗಾಗಲಿ ನೈಸರ್ಗಿಕ ಪರಿಸರದ ರಕ್ಷಣೆಗಾಗಲಿ ಬೆಲೆಯುಳ್ಳ ಭೂಮಿಯ ಮೇಲೆ ನಡೆದಿದೆಯೆಂದು ಲೆಕ್ಕ ಹಾಕಿತು. ಕೇಂದ್ರ ಸರ್ಕಾರದ 2019ರ ಬಂಜರುಭೂಮಿ ನಕಾಶೆ ಸಂಪುಟ ದೇಶದ ಶೇ. 16.96ರಷ್ಟು ನೆಲವನ್ನು, ಅಂದರೆ 5.57 ಕೋಟಿ ಹೆಕ್ಟೇರ್‌ಗೂ ಹೆಚ್ಚು ಭೂಮಿಯನ್ನು, ಬಂಜರೆಂದು ವರ್ಗೀಕರಿಸಿದೆ. ಆ ನಕಾಶೆಯನ್ನೂ ಯಂತ್ರ ಗುರುತಿಸಿದ ಸ್ಥಾವರಗಳನ್ನೂ ಒರಣ್, ಕುರಿಹಾದಿ, ಕೆರೆಗಳ ಸ್ಥಳೀಯ ನಕ್ಷೆಗಳನ್ನೂ ಒಂದರ ಮೇಲೊಂದು ಇಟ್ಟು ನೋಡುವ ಕಲಾಕೃತಿ ಎಷ್ಟು ಪ್ರಬಲವಾಗಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಮಾಂಟ್ರಿಯಲ್‌ನ ಮಿಲಾ ಸಂಸ್ಥೆ 2021ರಲ್ಲಿ ರೂಪಿಸಿದ ಯೋಜನೆಯೊಂದು ಈ ದಾರಿಯ ಒಂದು ಹೆಜ್ಜೆ ತೋರಿಸಿದೆ: ನೋಡುಗ ತನ್ನ ಮನೆಯ ವಿಳಾಸ ಕೊಟ್ಟರೆ, ಅದೇ ಬೀದಿಯ ನಿಜವಾದ ಚಿತ್ರದ ಮೇಲೆ ಯಂತ್ರ ನೆರೆಯನ್ನೋ ಹೊಗೆಯನ್ನೋ ಮೂಡಿಸಿ ಹವಾಮಾನ ಬದಲಾವಣೆಯನ್ನು ಮನೆಬಾಗಿಲಿಗೆ ತರುತ್ತದೆ. ಎಲ್ಲಿಯದೋ ಒಂದು ಮರುಭೂಮಿಯ ಬದಲು ಇಂಥ ಹಳ್ಳಿಯ ಇಂಥ ಬಯಲು ಎಂದು ಆರಂಭಿಸಿದರೆ, ಖಾಲಿತನದ ಭ್ರಮೆ ಅಲ್ಲಿಗೇ ಒಡೆಯುತ್ತದೆ.

ಹವಾಮಾನ ವಿಜ್ಞಾನಿಗಳ ಗಣಕ ಮಾದರಿಗಳು ಈ ವಿಷಯದಲ್ಲಿ ಕಲಾವಿದರಿಗಿಂತ ದಿಟ್ಟವಾಗಿ ಕಲ್ಪಿಸಿವೆ ಎನ್ನಬೇಕು. ಸಹಾರಾದಾದ್ಯಂತ ಫಲಕಗಳನ್ನೂ ಗಾಳಿಯಂತ್ರಗಳನ್ನೂ ಹರಡಿದರೆ ಅಲ್ಲಿ ಮಳೆ ಮತ್ತು ಹಸಿರು ಹೆಚ್ಚುತ್ತದೆಂದು 2018ರಲ್ಲಿ ‘ಸೈನ್ಸ್’ ಪತ್ರಿಕೆಯ ಲೇಖನವೊಂದು ತೋರಿಸಿತು. ಫಲಕಗಳು ಮರಳಿಗಿಂತ ಕಪ್ಪಾದ್ದರಿಂದ ಹೆಚ್ಚು ಶಾಖ ಹೀರುತ್ತವೆ, ಬಿಸಿಯಾದ ಗಾಳಿ ಮೇಲೇರುತ್ತದೆ, ಸಾಗರದ ತೇವ ಒಳನುಗ್ಗುತ್ತದೆ. ಅದೇ ಸರಪಳಿ ಅಲ್ಲಿಗೇ ನಿಲ್ಲುವುದಿಲ್ಲವೆಂದು 2021ರ ಇನ್ನೊಂದು ಅಧ್ಯಯನ ಎಚ್ಚರಿಸಿತು: ಸಹಾರಾದ ಶೇ. 20ರಷ್ಟನ್ನು ಮುಚ್ಚಿದರೆ ಆ ಪ್ರದೇಶದ ಉಷ್ಣತೆ ಸುಮಾರು 1.5 ಡಿಗ್ರಿ ಏರುತ್ತದೆ, ಜಗತ್ತಿನ ಗಾಳಿಚಲನೆ ಬದಲಾಗಿ ದೂರದ ಅಮೆಜಾನ್ ಕಾಡಿಗೆ ಮಳೆ ಕಡಿಮೆಯಾಗುತ್ತದೆ. ಒಂದು ಮರುಭೂಮಿಯ ಬಣ್ಣವನ್ನು ಬದಲಿಸಿದರೆ ಇನ್ನೊಂದು ಖಂಡದ ಕಾಡು ಒಣಗಬಹುದೆಂಬ ಈ ಕಲ್ಪನೆ ಯಾವ ಕಲಾಕೃತಿಗೂ ಹಿರಿದಾದ ವಸ್ತು. ಅಂಥ ಸಂಬಂಧಗಳನ್ನು ಕಣ್ಣಿಗೆ ಕಟ್ಟಿಸುವ ಕೆಲಸ ಬಿಟ್ಟು, ಸಂಜೆಗೆಂಪಿನಲ್ಲಿ ಮಿನುಗುವ ಫಲಕಗಳನ್ನೇ ಮತ್ತೆ ಮತ್ತೆ ರಚಿಸುವುದು ಈ ಮಾಧ್ಯಮದ ದೊಡ್ಡ ಅಪವ್ಯಯ.

ಅಪವ್ಯಯ ಎಂಬ ಮಾತು ವಿದ್ಯುತ್ತಿನ ಮಟ್ಟಿಗೂ ನಿಜ. ವಿವಿಧ ಕೃತಕ ಬುದ್ಧಿಮತ್ತೆ ಮಾದರಿಗಳನ್ನು ಹೋಲಿಸಿದ ಅಧ್ಯಯನವೊಂದರಲ್ಲಿ ಸಾವಿರ ಚಿತ್ರ ರಚಿಸಲು ಸರಾಸರಿ 2.9 ಯೂನಿಟ್ ವಿದ್ಯುತ್ ಬೇಕಾಯಿತು. ಪಠ್ಯವನ್ನು ವರ್ಗೀಕರಿಸುವಂಥ ಸರಳ ಕೆಲಸಕ್ಕೆ ಬೇಕಾದುದಕ್ಕಿಂತ ಅದು ಸಾವಿರ ಪಟ್ಟಿಗೂ ಹೆಚ್ಚು. ಜಗತ್ತಿನ ದತ್ತಾಂಶ ಕೇಂದ್ರಗಳು 2024ರಲ್ಲಿ ಸುಮಾರು 415 ಟೆರಾವಾಟ್ ಅವರ್, ಅಂದರೆ 41,500 ಕೋಟಿ ಯೂನಿಟ್ ವಿದ್ಯುತ್ತನ್ನು ಬಳಸಿದವೆಂದೂ, ಅದು ಒಟ್ಟು ಬಳಕೆಯ ಶೇ. 1.5ರಷ್ಟೆಂದೂ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅಂದಾಜಿಸಿದೆ. ಈ ಬೇಡಿಕೆಯನ್ನು ಪೂರೈಸಲೆಂದೇ ಇನ್ನಷ್ಟು ಸೌರಸ್ಥಾವರಗಳು ಬೇಕಾಗುತ್ತಿರುವಾಗ, ಸೌರಭವಿಷ್ಯದ ಚಿತ್ರ ತಾನೇ ಆ ನೆಲದ ಮೇಲಿನ ಒತ್ತಡದ ಒಂದು ಭಾಗವಾಗುತ್ತದೆ. ಈ ಸಂಬಂಧವನ್ನು ಎದುರಿಗಿಟ್ಟುಕೊಂಡೇ ಕೆಲಸ ಮಾಡಿದ ಕಲಾವಿದರಿದ್ದಾರೆ. ಟೇಗಾ ಬ್ರೇನ್, ಅಲೆಕ್ಸ್ ನಾಥನ್ಸನ್ ಮತ್ತು ಬೆನೆದೆತ್ತಾ ಪಿಯಾಂತೆಲ್ಲಾ ರೂಪಿಸಿದ ‘ಸೋಲಾರ್ ಪ್ರೋಟೊಕಾಲ್’ ಬೇರೆ ಬೇರೆ ದೇಶಗಳಲ್ಲಿ ಸೌರಫಲಕದಿಂದ ನಡೆಯುವ ಪುಟ್ಟ ಗಣಕಗಳ ಜಾಲ. ಯಾವ ಊರಿನಲ್ಲಿ ಆ ಹೊತ್ತು ಬಿಸಿಲು ಚೆನ್ನಾಗಿದೆಯೋ ಅಲ್ಲಿಯ ಗಣಕ ಇಡೀ ಜಾಲದ ಕೆಲಸವನ್ನು ವಹಿಸಿಕೊಳ್ಳುತ್ತದೆ. ಇಲ್ಲಿ ನಿರ್ಧಾರ ಮಾಡುವುದು ಯಂತ್ರದ ಬುದ್ಧಿಯಲ್ಲ, ಸೂರ್ಯ. ಮಾರ್ಕುಸ್ ಕೈಸರ್ 2011ರಲ್ಲಿ ಈಜಿಪ್ಟಿನ ಸೀವಾ ಸಮೀಪದ ಮರಳುಗಾಡಿಗೆ ಒಯ್ದ ಯಂತ್ರ ಇನ್ನೂ ಸರಳ: ಫಲಕದ ವಿದ್ಯುತ್ತಿನಿಂದ ಚಲಿಸುತ್ತ, ಮಸೂರದಿಂದ ಬಿಸಿಲನ್ನು ಒಂದೆಡೆ ಹಿಡಿದು, ಅಲ್ಲಿಯ ಮರಳನ್ನೇ ಕರಗಿಸಿ ಗಾಜಿನ ಪಾತ್ರೆಗಳನ್ನು ಪದರಪದರವಾಗಿ ಮಾಡುವ ಸಾಧನ ಅದು. ಸಮುದಾಯದ ಪಾಲುದಾರಿಕೆಯ ದೃಷ್ಟಿಯಿಂದ ರೆಫಿಕ್ ಅನಡೋಲ್ 2023ರಲ್ಲಿ ಅಮೆಜಾನಿನ ಯವನವಾ ಜನರೊಂದಿಗೆ ಅವರ ಹಳ್ಳಿಯ ಹವಾಮಾನ ದತ್ತಾಂಶದಿಂದ ರಚಿಸಿದ ಕೃತಿಗಳನ್ನು ನೆನೆಯಬಹುದು. ಮರುಭೂಮಿಯದಲ್ಲದಿದ್ದರೂ, ದತ್ತಾಂಶ ಯಾರದೋ ಆದಾಯವೂ ಅವರದು ಎಂಬ ತತ್ವ ಅದರಲ್ಲಿತ್ತು.

ಕರ್ನಾಟಕಕ್ಕೆ ಈ ಚರ್ಚೆ ದೂರದ್ದಲ್ಲ. ತುಮಕೂರು ಜಿಲ್ಲೆಯ ಪಾವಗಡ ಮರುಭೂಮಿಯಲ್ಲ, ಮಳೆಯ ನೆರಳಿನ ಬರದ ಸೀಮೆ. ಆದರೂ ಹೊರಗಿನವರ ಕಣ್ಣಿಗೆ ಅದು ಬಹಳ ಕಾಲದಿಂದ ಏನೂ ಬೆಳೆಯದ ನೆಲ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಹರಡಿದೆ, ಮತ್ತು ಅಲ್ಲಿ ಭೂಮಿಯನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಲಾಗಿದೆ: ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಒಡೆತನ ರೈತನಲ್ಲೇ ಉಳಿಯುವ ಈ ಏರ್ಪಾಟು ವಾರ್ಜಜಾತ್‌ನ ಖರೀದಿಗಿಂತ ನಿಸ್ಸಂದೇಹವಾಗಿ ಮೇಲು. ಅದರ ಲಾಭ ಮಾತ್ರ ಭೂಮಿ ಇದ್ದವರಿಗೆ ಸಂದಿತು; ಶೇಂಗಾ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರು ಕೆಲಸ ಕಳೆದುಕೊಂಡರು, ಕುರಿಗಾಹಿಗಳಿಗೆ ಬೆಳೆ ಕಟಾವಾದ ಹೊಲಗಳ ಮೇವು ಬೇಲಿಯ ಆಚೆಗೆ ಹೋಯಿತು. ಆಕಾಶದಿಂದ ತೆಗೆದ ಪಾವಗಡದ ಚಿತ್ರಗಳಲ್ಲಿ ಫಲಕಗಳ ಸಾಲುಗಳ ನಡುವೆ ಹಳ್ಳಿಗಳು ದ್ವೀಪಗಳಂತೆ ಕಾಣುತ್ತವೆ. ಈ ವಿವರವೇ ಆ ಚಿತ್ರಗಳ ಬೆಲೆ. ಸೌರಭವಿಷ್ಯ ನಿರ್ಜನವಾಗಿರುವುದಿಲ್ಲ, ಅದರ ನಡುವೆ ಜನ ಇರುತ್ತಾರೆ ಎಂಬುದನ್ನು ಅವು ಯಾವ ಸೂಚನಾವಾಕ್ಯದ ನೆರವೂ ಇಲ್ಲದೆ ಹೇಳುತ್ತವೆ.

ಕಲ್ಪಿತ ಚಿತ್ರಗಳೆಲ್ಲವೂ ತಪ್ಪಿಸಿಕೊಂಡಿರುವ ಇನ್ನೊಂದು ಆಯಾಮ ಕಾಲ. ಫಲಕದ ಆಯುಷ್ಯ ಸಾಮಾನ್ಯವಾಗಿ ಇಪ್ಪತ್ತೈದು ಮೂವತ್ತು ವರ್ಷ. 2050ರ ವೇಳೆಗೆ ಜಗತ್ತಿನಲ್ಲಿ ಒಟ್ಟು 7.8 ಕೋಟಿ ಟನ್‌ವರೆಗೆ ಹಳೆಯ ಫಲಕಗಳು ತ್ಯಾಜ್ಯವಾಗಬಹುದೆಂದು ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ 2016ರಲ್ಲೇ ಅಂದಾಜು ಮಾಡಿತ್ತು, ಮತ್ತು ಭಾರತದ 2022ರ ಇ-ತ್ಯಾಜ್ಯ ನಿಯಮಗಳು ಸೌರಫಲಕಗಳನ್ನೂ ತಮ್ಮ ವ್ಯಾಪ್ತಿಗೆ ತಂದಿವೆ. ಪಾವಗಡದ ಗುತ್ತಿಗೆಗಳು ಮುಗಿಯುವ ಕಾಲಕ್ಕೆ ಇಂದು ಶಾಲೆಯಲ್ಲಿರುವ ಮಕ್ಕಳು ಆ ಹೊಲಗಳ ಒಡೆಯರಾಗಿರುತ್ತಾರೆ; ಬದುಗಳು ಅಳಿಸಿಹೋದ, ಕಂಬಗಳ ಬುಡದ ಕಾಂಕ್ರೀಟು ಉಳಿದ, ಕಾಲು ಶತಮಾನ ಉಳುಮೆ ಕಾಣದ ಮಣ್ಣು ಅವರ ಕೈಗೆ ಬರುತ್ತದೆ. ಒಂದು ವರ್ಷದ ಬಿಸಿಲನ್ನು ಗಳಿಗೆಗಳಿಗೆಯಾಗಿ ಲೆಕ್ಕ ಹಾಕಿದ ಗೆರಾರ್ಡ್ ಅವರ ವಿಧಾನವನ್ನೂ, ನೆಲದ ಬದಲಾವಣೆಯನ್ನು ಉಪಗ್ರಹ ಚಿತ್ರಗಳಿಂದ ಓದಬಲ್ಲ ಕಲಿತ ಯಂತ್ರಗಳನ್ನೂ ಕೂಡಿಸಿದರೆ, ತಿರುಮಣಿಯ ಇಲ್ಲವೇ ಭಡ್ಲಾದ ಒಂದು ನಿರ್ದಿಷ್ಟ ಸರ್ವೆ ನಂಬರಿನ ನೆಲ ಮೂವತ್ತು ವರ್ಷಗಳಲ್ಲಿ ಏನಾಗುತ್ತದೆಂಬುದನ್ನು ದೂಳು, ತಂತಿ, ಹಕ್ಕಿ, ಕುರಿದಾರಿಗಳ ಸಮೇತ ಕಾಣಿಸುವ ಕೃತಿ ಇಂದೇ ಸಾಧ್ಯ. ಅದಕ್ಕೆ ಬೇಕಾದ ದತ್ತಾಂಶದಲ್ಲಿ ಅರ್ಧ ಉಪಗ್ರಹಗಳ ಬಳಿ ಇದೆ, ಉಳಿದರ್ಧ ಆ ಊರುಗಳ ಕುರಿಗಾಹಿಗಳು, ಕೂಲಿಕಾರರು, ಬದು ಹಾಕಿದ ರೈತರ ನೆನಪಿನಲ್ಲಿದೆ. ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ಕಲಾವಿದರೇ ಮಾಡಬೇಕಾಗುತ್ತದೆ.